ಕೆಟಮಿನ್ ಕೊಡುವ ಮುಂಚೆ ಅಮ್ಮನನ್ನೂ ಕೇಳುತ್ತೇನೆ

ನಾನು ಮನೋವೈದ್ಯೆ. ಎರಡು ಬಗೆಯ ಮಾತ್ರೆಗಳನ್ನು ಸಾಕಷ್ಟು ವಾರ ಕೊಟ್ಟರೂ ಖಿನ್ನತೆ ಇಳಿಯದಿದ್ದರೆ ಕೆಲವರಿಗೆ ಕೆಟಮಿನ್ ಕೊಡುತ್ತೇನೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಇಂಥ ಖಿನ್ನತೆಗೆ ಸೈಲೋಸಿಬಿನ್ (ಕೆಲವು ಅಣಬೆಗಳಲ್ಲಿರುವ, ಭ್ರಮೆ ಹುಟ್ಟಿಸುವ ವಸ್ತು) ಕೊಡಬಹುದು. ನಮ್ಮ ದೇಶದಲ್ಲಿ ಅದು ನಿಷಿದ್ಧ. ಕೆಟಮಿನ್ ಹಾಗಲ್ಲ, ಆಪರೇಷನ್ ಥಿಯೇಟರಿನಲ್ಲಿ ಬಹಳ ವರ್ಷಗಳಿಂದ ಬಳಸುತ್ತಿರುವ ಅರಿವಳಿಕೆ ಔಷಧ.

ತೂಕದ ಪ್ರತಿ ಕಿಲೋಗೆ 0.5 ಮಿಲಿಗ್ರಾಂ, 40 ನಿಮಿಷ ಡ್ರಿಪ್ಪಿನಲ್ಲಿ. ಬಿಪಿ ಏರಬಹುದು, ಹಾಗಾಗಿ ಅರಿವಳಿಕೆ ತಜ್ಞರು ಪಕ್ಕದಲ್ಲೇ ಇರುತ್ತಾರೆ. ತನ್ನ ಮೈ ತನ್ನದಲ್ಲ ಅನ್ನಿಸುವುದೂ ಉಂಟು. ಇದನ್ನು ನನ್ನ ಮೊದಲ ರೋಗಿಗೆ ನಾನು ಸರಿಯಾಗಿ ಹೇಳಿರಲಿಲ್ಲ. ಹೊರಗೆ ಫೋನು, ಮಾತು, ಗದ್ದಲ. ಆಕೆ ಹೆದರಿ ಮಂಚದ ಕಂಬಿ ಹಿಡಿದುಕೊಂಡುಬಿಟ್ಟರು. ಈಗ ಹಿಂದಿನ ದಿನವೇ ಕೂತು ಎಲ್ಲ ಹೇಳುತ್ತೇನೆ. ಕೋಣೆಯಲ್ಲಿ ಬೆಳಕು ಕಮ್ಮಿ, ಮಾತೂ ಕಮ್ಮಿ.

ಆದರೆ ನನಗೆ ಜಾಸ್ತಿ ಕಲಿಸಿದ್ದು ಇನ್ನೊಬ್ಬ ಹುಡುಗ. "ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ ಓಡಾಡಿದ ದಿನಗಳಿದ್ದವಾ?" ಅಂದರೆ "ಇಲ್ಲ ಮೇಡಂ" ಅಂದ. ಡ್ರಿಪ್ಪಿಗೆ ದಿನ ಗೊತ್ತು ಮಾಡಿಯೂ ಆಗಿತ್ತು. ಆಮೇಲೆ ಅವನ ತಾಯಿ ಮಾತಿನ ನಡುವೆ ಹೇಳಿದರು: "ಎರಡು ವರ್ಷದ ಹಿಂದೆ ಎಷ್ಟು ಚೆನ್ನಾಗಿದ್ದ ಡಾಕ್ಟ್ರೇ! ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಗೆ ಬಣ್ಣ ಹೊಡೀತಿದ್ದ. ಸಾಲ ಮಾಡಿ ಊರಿಗೆಲ್ಲ ಬಟ್ಟೆ ತಂದಿದ್ದ."

ನನಗೆ ಎದೆ ಧಸಕ್ಕೆಂದಿತು. ಅದು ಉನ್ಮಾದದ ಕಾಲ. ಇವನದು ಬೈಪೋಲಾರ್, ಅಂದರೆ ಖಿನ್ನತೆಯೂ ಉನ್ಮಾದವೂ ಬಂದು ಹೋಗುವ ಕಾಯಿಲೆ. ಮಾತ್ರೆ ಹತ್ತದಿದ್ದುದಕ್ಕೂ ಅದೇ ಕಾರಣ ಇರಬಹುದಿತ್ತು. ಮನೆಯವರು "ಒಳ್ಳೆಯ ದಿನ" ಅಂದುಕೊಂಡಿದ್ದು ಕಾಯಿಲೆಯ ಇನ್ನೊಂದು ಮುಖವಾಗಿತ್ತು, ಅಲ್ವಾ? ತಪ್ಪು ಅವರದಲ್ಲ. ನಾನು ಅವರನ್ನು ಮೊದಲೇ ಕೇಳಬೇಕಿತ್ತು.

ಮತ್ತೆ ಉನ್ಮಾದ ಕೆರಳೀತೆಂಬ ಭಯಕ್ಕೆ ಡ್ರಿಪ್ ಮುಂದೂಡಿದೆ. ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಶುರು ಮಾಡಿ, ರಕ್ತದಲ್ಲಿ ಅದರ ಮಟ್ಟ ನೋಡುತ್ತ ವಾರಗಟ್ಟಲೆ ಕಾದೆವು. ಖಿನ್ನತೆ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಆಗಲೇ, ಲಿಥಿಯಂ ಮುಂದುವರಿಸಿಕೊಂಡೇ, ಕೆಟಮಿನ್ ಕೊಟ್ಟಿದ್ದು. ಮಾರನೇ ದಿನ ತಾನಾಗೇ ಎದ್ದು ಸ್ನಾನ ಮಾಡಿದನಂತೆ. ಆದರೆ ಒಂದು ಡ್ರಿಪ್ಪಿನ ಗುಣ ಹೆಚ್ಚು ದಿನ ನಿಲ್ಲುವುದಿಲ್ಲ. ವಾರದೊಳಗೆ ಮತ್ತೆ ಮಂಕಾದ, ಮತ್ತೆ ಕೊಡಬೇಕಾಯಿತು.

ಅವನ ತಾಯಿ ಈಗ ಕ್ಯಾಲೆಂಡರಿನಲ್ಲಿ ಅವನ ನಿದ್ದೆಯ ಗಂಟೆ ಬರೆದಿಡುತ್ತಾರೆ. ಎರಡು ರಾತ್ರಿ ನಿದ್ದೆ ಕಮ್ಮಿಯಾಗಿ, ಅವನು ಸುಮ್ನೆ ಖುಷಿಯಾಗಿ ಓಡಾಡಿದರೂ ಸರಿ, ನನಗೆ ಫೋನ್ ಬರುತ್ತದೆ.