ಊರಿನ ಒಬ್ಬರನ್ನೂ ಕೊಲ್ಲದೆ ‘ವ್ಯಾಂಪೈರ್’ ಹಾರ್ಡ್‌ನಲ್ಲಿ ಮುಗಿಸಿದೆ: ನನ್ನ ಅನುಭವ

ಡೋಂಟ್‌ನಾಡ್ ಕಂಪನಿಯವರ ‘ವ್ಯಾಂಪೈರ್’ ಅನ್ನೋ ವಿಡಿಯೊ ಗೇಮ್ 2018ರ ಜೂನ್‌ನಲ್ಲಿ ಬಂದದ್ದು. ನನ್ನ ಕೈಗೆ ಸಿಕ್ಕಿದ್ದು ತುಂಬಾ ತಡವಾಗಿ. ಈ ಮಳೆಗಾಲದಲ್ಲಿ ಅದನ್ನು ಹಾರ್ಡ್ ಮೋಡ್‌ನಲ್ಲಿ, ಊರಿನ ಒಬ್ಬರ ಕುತ್ತಿಗೆಗೂ ಬಾಯಿ ಹಾಕದೆ ಮುಗಿಸಿದೆ. ‘ನಾಟ್ ಈವನ್ ಒನ್ಸ್’ ಅಚೀವ್‌ಮೆಂಟ್ ಈಗ ನನ್ನ ಹೆಸರಲ್ಲಿದೆ. ನಮ್ಮ ಬೆಳಗಾವಿಯ ವಡಗಾವಿ ಹುಡುಗರಲ್ಲಿ ಬೇರೆ ಯಾರ ಹತ್ತಿರವೂ ಅದು ಇಲ್ಲ.

ಶುರು ಮಾಡುವಾಗ ಒಬ್ಬರೂ ನಂಬಿರಲಿಲ್ಲ. ಜೊತೆಗೆ ಆಡುವ ಗೆಳೆಯ ಮುಖಕ್ಕೇ ಹೇಳಿದ್ದ: “ಲೇ ದೋಸ್ತ, ಹಾರ್ಡ್‌ನ್ಯಾಗ ಯಾರನ್ನೂ ಕಡೀದ ಮುಗಸೂದು ಆಗಾಂಗಿಲ್ಲ. ಲೆವೆಲ್ಲೇ ಏರಾಂಗಿಲ್ಲ, ಮುಂದ ಹೆಂಗ ಹೊಡೀತಿ?” ಅವನು ಹೇಳಿದ್ದರಲ್ಲಿ ಲೆಕ್ಕ ಇತ್ತು. ಹಾರ್ಡ್‌ನಲ್ಲಿ ಬೀದಿ ಶತ್ರುಗಳನ್ನು ಎಷ್ಟು ಹೊಡೆದರೂ ಬರುವ ಎಕ್ಸ್‌ಪಿ (ಲೆವೆಲ್ ಏರಿಸೋ ಅಂಕ) ಚಿಲ್ಲರೆ. ನಾವು ಆಡಿಸುವ, ರಕ್ತಪಿಶಾಚಿಯಾದ ಡಾಕ್ಟರ್ ಜೊನಾಥನ್ ರೀಡ್ ತನ್ನ ರೋಗಿಗಳನ್ನೇ ತಿನ್ನಬೇಕು ಅನ್ನೋ ಹಾಗೆ ಆಟವನ್ನು ಕಟ್ಟಿದ್ದಾರೆ. ಒಬ್ಬನ ಗುಟ್ಟೆಲ್ಲ ತಿಳಿದು, ಅವನ ಕಾಯಿಲೆ ವಾಸಿ ಮಾಡಿ, ಆಮೇಲೆ ಕಚ್ಚಿದರೆ ಸಾವಿರಗಟ್ಟಲೆ ಎಕ್ಸ್‌ಪಿ. ಬಿಟ್ಟರೆ ಮುಖ್ಯ ಕಥೆ, ಸಣ್ಣ ತನಿಖೆಗಳು, ಔಷಧಿ ಕೊಟ್ಟದ್ದಕ್ಕೆ ಒಂದಿಷ್ಟು. ಅಷ್ಟೇ.

ಹೀಗಾಗಿ ಅರ್ಧ ದಾಟಿದ ಮೇಲೆ ಶತ್ರುಗಳೆಲ್ಲ ನಮಗಿಂತ ಐದಾರು ಲೆವೆಲ್ ಮೇಲೆ ಇರುತ್ತಾರೆ. ಕೆಲವು ಕಡೆ ಹತ್ತರ ಹತ್ತಿರ. ಎರಡು ಏಟು ತಿಂದರೆ ಮುಗೀತು.

ಮೊದಲು ಬ್ಲಡ್ ಸ್ಪಿಯರ್ ಮತ್ತು ಕ್ಲಾಸ್ ಮೇಲೆ ಎಲ್ಲಾ ಪಾಯಿಂಟ್ ಸುರಿದೆ. ಆಟದ ಲಂಡನ್‌ನ ಡಾಕ್ಸ್ ಬಡಾವಣೆ ದಾಟುವ ತನಕ ಮಜಾ ಬಂತು. ವೈಟ್‌ಚಾಪೆಲ್‌ನಲ್ಲಿ ರಕ್ತದ ವಿದ್ಯೆಗೆ ತಡೆ ಇರುವ ಶತ್ರುಗಳು ಬಂದರು, ಸ್ಪಿಯರ್ ಅವರಿಗೆ ತಾಗಿದ ಹಾಗೇ ಇಲ್ಲ. ಆಮೇಲೆ ಶ್ಯಾಡೋ ಮಿಸ್ಟ್ ಹಿಡಿದೆ. ಅದನ್ನು ಕಾಲಡಿ ಹಾಕಿ, ಅದು ಸಿಡಿಯುವ ತನಕ ಶತ್ರುವನ್ನು ಅಲ್ಲೇ ನಿಲ್ಲಿಸಬೇಕು. ಒಬ್ಬ ಇದ್ದರೆ ಆದೀತು. ಪ್ರಿವೆನ್ ಪಡೆಯವರು, ಅಂದರೆ ಪಿಶಾಚಿ ಬೇಟೆಗಾರರು, ಬರೋದು ಗುಂಪಾಗಿ. ಒಬ್ಬ ಬಂದೂಕು, ಒಬ್ಬ ಬೆಂಕಿ, ಇನ್ನೊಬ್ಬ ಶಿಲುಬೆ ಹಿಡಿದವನು. ಅಲ್ಲಿ ಅದು ನಡೆಯಲಿಲ್ಲ. ಅಬಿಸ್ ಥರದ ದೊಡ್ಡ ವಿದ್ಯೆಗೂ ಪಾಯಿಂಟ್ ಹಾಕಿ ನೋಡಿದೆ. ನೋಡೋಕೆ ಭರ್ಜರಿ. ಆದರೆ ಅದಕ್ಕೆ ಹೋಗುವ ಎಕ್ಸ್‌ಪಿಯಲ್ಲಿ ಜೀವ ಮತ್ತು ಸ್ಟ್ಯಾಮಿನಾ ಎರಡನ್ನೂ ಎಷ್ಟೋ ಏರಿಸಬಹುದು. ಮೂರೂ ಓಟ (ಮೊದಲಿಂದ ಶುರು ಮಾಡಿದ ಆಟ) ಅಲ್ಲಲ್ಲೇ ಬಿಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ.

ದಾರಿ ಸಿಕ್ಕಿದ್ದು ವರ್ಕ್‌ಬೆಂಚಿನಲ್ಲಿ. ಆಯುಧ ಬಲಪಡಿಸೋಕೆ ಎಕ್ಸ್‌ಪಿ ಬೇಕಿಲ್ಲ! ಬೇಕಾದದ್ದು ಬಿಡಿಭಾಗ. ಬಿಡಿಭಾಗ ಸಿಗೋದು ಕಸದ ಡಬ್ಬಿಯಲ್ಲಿ, ಸತ್ತವರ ಜೇಬಲ್ಲಿ, ಅಂಗಡಿಯವರ ಹತ್ತಿರ, ಬೇಡದ ಸಾಮಾನು ರೀಸೈಕಲ್ ಮಾಡಿದಾಗ. ಲೆವೆಲ್‌ನ ಕೊರತೆಯನ್ನು ಅಲ್ಲಿಂದ ತುಂಬಬೇಕು. ಕಂಡ ಡಬ್ಬಿ, ಕಂಡ ಡ್ರಾಯರ್ ಒಂದನ್ನೂ ಬಿಡಲಿಲ್ಲ. ಒಂದು ಕೈಯಲ್ಲಿ ಹಿಡಿಯುವ ಆಯುಧವೊಂದನ್ನು ಆಟದ ಅರ್ಧದ ಹೊತ್ತಿಗೇ ಕೊನೆಯ ಮಟ್ಟಕ್ಕೆ ಏರಿಸಿದೆ. ಎಡಗೈಗೆ ಸ್ಟೇಕ್. ಸ್ಟೇಕ್‌ನಿಂದ ಶತ್ರುವನ್ನು ಮಂಕು ಮಾಡೋದು, ಕಚ್ಚೋದು, ಸಿಕ್ಕ ರಕ್ತದಿಂದ ಕೋಯಾಗ್ಯುಲೇಷನ್ ಹಾಕಿ ಪಕ್ಕದವನನ್ನು ಕಲ್ಲಿನ ಹಾಗೆ ನಿಲ್ಲಿಸೋದು, ಅವನು ನಿಂತಿರುವಷ್ಟು ಹೊತ್ತು ಹೊಡೆಯೋದು. ಉಳಿದ ರಕ್ತದಲ್ಲಿ ಆಟೋಫೇಜಿ, ಅಂದರೆ ಗಾಯ ವಾಸಿ. ಪಾಯಿಂಟ್‌ಗಳೆಲ್ಲ ಸ್ಟ್ಯಾಮಿನಾ, ಜೀವ, ಕಚ್ಚಿದಾಗ ಸಿಗುವ ರಕ್ತ, ಇವಕ್ಕೇ. ಶತ್ರುಗಳನ್ನು ಕಚ್ಚಿದರೆ ಅಚೀವ್‌ಮೆಂಟ್‌ಗೆ ತೊಂದರೆ ಇಲ್ಲ. ಲೆಕ್ಕಕ್ಕೆ ಬರೋದು ಹೆಸರಿರುವ ಊರಿನ ಜನ ಮಾತ್ರ.

ಆ ಒಂದು ಕೈಯ ಆಯುಧ ಯಾವುದು ಅಂತ ಇಲ್ಲಿ ಹೇಳೋದಿಲ್ಲ. ಹುಡುಕಿದರೆ ಸಿಗುತ್ತದೆ. ಹೊಡೆದಾಗ ರಕ್ತ ಎಳೆಯುವಂಥದ್ದು ಅನ್ನೋ ಸುಳಿವು ಸಾಕು.

ಇನ್ನು ನಿದ್ದೆಯ ಲೆಕ್ಕ. ಕೂಡಿದ ಎಕ್ಸ್‌ಪಿ ಖರ್ಚು ಮಾಡಬೇಕಾದರೆ ಅಡಗುತಾಣದಲ್ಲಿ ಮಲಗಲೇಬೇಕು. ಮಲಗಿ ಎದ್ದರೆ ಊರಲ್ಲಿ ಹೊಸದಾಗಿ ಕಾಯಿಲೆ ಬೀಳುತ್ತಾರೆ. ಮೊದಲೇ ಬಿದ್ದವರಿಗೆ ಜಾಸ್ತಿ ಆಗುತ್ತದೆ. ಇವತ್ತಿನ ಸಣ್ಣ ನೆಗಡಿ ಬಿಟ್ಟರೆ ಮುಂದೆ ಅದೇ ನ್ಯುಮೋನಿಯಾ. ಬಡಾವಣೆಯ ಆರೋಗ್ಯ ಕುಸಿದರೆ ಜನ ಕಾಣೆಯಾಗುತ್ತಾರೆ. ಅವರ ಜೊತೆ ಅಂಗಡಿ, ತನಿಖೆ, ಎಕ್ಸ್‌ಪಿ ಎಲ್ಲವೂ ಹೋಯ್ತು. ಅದಕ್ಕೇ ನನ್ನ ನಿಯಮ ಒಂದೇ: ನಾಲ್ಕೂ ಬಡಾವಣೆ ಸುತ್ತಿ, ಎಲ್ಲರಿಗೂ ಔಷಧಿ ಕೊಟ್ಟು, ಆಮೇಲೆ ಮಲಗೋದು. ಹಳೇ ಲೆಕ್ಕದ ಪುಸ್ತಕವೊಂದರಲ್ಲಿ ಡಾಕ್ಸ್, ವೈಟ್‌ಚಾಪೆಲ್, ಪೆಂಬ್ರೋಕ್ ಆಸ್ಪತ್ರೆ, ವೆಸ್ಟ್ ಎಂಡ್ ಅಂತ ನಾಲ್ಕು ಕಾಲಂ ಹಾಕಿದೆ. ಸುಮಾರು ಅರವತ್ತು ಹೆಸರು. ಯಾರಿಗೆ ಏನು ಕಾಯಿಲೆ, ಯಾರ ಯಾವ ಗುಟ್ಟು ಬಾಕಿ, ಎಲ್ಲಾ ಅದರಲ್ಲಿ. ಅಪ್ಪ ಅದನ್ನು ಸೀರೆ ಆರ್ಡರ್ ಪುಸ್ತಕ ಅಂದುಕೊಂಡು ತೆರೆದು, “ಈ ಟಾಮ್ ವಾಟ್ಸ್ ಯಾರಪಾ, ರೊಕ್ಕ ಕೊಡೂದೈತೇನು?” ಅಂತ ಕೇಳಿದರು. ಟಾಮ್ ವಾಟ್ಸ್ ಡಾಕ್ಸ್‌ನ ಟರ್ಕ್ವಾಯ್ಸ್ ಟರ್ಟಲ್ ಪಬ್‌ನ ಮಾಲೀಕ.

ಆಟದ ನಿಜವಾದ ತೂಕ ಇರೋದು ಈ ಅರವತ್ತು ಜನರಲ್ಲೇ. ಇಷ್ಟು ಜನರಿಗೆ ಒಬ್ಬೊಬ್ಬರಿಗೂ ಒಂದು ಮನೆ, ಒಂದು ಸಂಬಂಧ, ಒಂದು ಮುಚ್ಚಿಟ್ಟ ವಿಷಯ ಕೊಟ್ಟ ಇನ್ನೊಂದು ಆಕ್ಷನ್ ಆಟ ನಾನು ಆಡಿಲ್ಲ. ಪೆಂಬ್ರೋಕ್ ಆಸ್ಪತ್ರೆಯಲ್ಲಿ ಥೆಲ್ಮಾ ಹೌಕ್ರಾಫ್ಟ್ ಅಂತ ಒಬ್ಬ ರೋಗಿ ಇದ್ದಾಳೆ. ತಾನು ರಕ್ತಪಿಶಾಚಿ ಅಂತ ಅವಳು ನಂಬಿಕೊಂಡಿದ್ದಾಳೆ. ಎದುರಿಗೆ ನಿಂತು ಸಮಾಧಾನ ಹೇಳುವ ಡಾಕ್ಟರೇ ನಿಜವಾದ ಪಿಶಾಚಿ. ಡಾಕ್ಸ್‌ನಲ್ಲಿ ಸೆಮೋರ್ ಫಿಶ್‌ಬರ್ನ್ ತನ್ನ ತಾಯಿ ಸ್ಟೆಲ್ಲಾ ಜೊತೆ ಇದ್ದಾನೆ. ಅವನು ಸಾಲು ಸಾಲು ಕೊಲೆ ಮಾಡಿದವನು. ತಾಯಿಗೆ ಗೊತ್ತು. ಇವನನ್ನು ಕಚ್ಚಿದರೆ ಯಾರಿಗೂ ನಷ್ಟ ಇಲ್ಲ ಅಲ್ವಾ ಅಂತ ಎಲ್ಲರಿಗೂ ಅನ್ನಿಸುತ್ತದೆ, ಕೈಗೆ ಎಕ್ಸ್‌ಪಿಯೂ ಬರುತ್ತದೆ. ನನ್ನ ಓಟದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಅವನನ್ನು ಬಿಟ್ಟು ಬರೋದು. ಯಾವ ಬಾಸ್ (ದೊಡ್ಡ ಶತ್ರು) ಕೂಡ ಅಷ್ಟು ಕಾಡಿಲ್ಲ. ಆಗ ನಾನು ಲೆವೆಲ್‌ನಲ್ಲಿ ತುಂಬಾ ಹಿಂದೆ ಬಿದ್ದಿದ್ದೆ. ಆದರೂ ಬಿಟ್ಟೆ.

ಕಥೆ ನಡೆಯೋದು 1918ರ ಲಂಡನ್‌ನಲ್ಲಿ, ಸ್ಪ್ಯಾನಿಷ್ ಫ್ಲೂ ಸಮಯ. ಅದೇ ಜ್ವರ ಆ ವರ್ಷ ಮುಂಬೈ ಬಂದರಿನಿಂದ ನಮ್ಮ ದೇಶಕ್ಕೂ ಹಬ್ಬಿತು, ಒಂದು ಕೋಟಿಗೂ ಜಾಸ್ತಿ ಜನ ಸತ್ತರು. ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲೇ ಇತ್ತು. ನಮ್ಮ ಗಲ್ಲಿಯ ಮರಾಠಿ ಹಿರಿಯರು ಅದನ್ನು ಮಾನಮೋಡಿ ಸಾಥ್ ಅಂತ ಹೇಳೋದನ್ನು ಚಿಕ್ಕವನಿದ್ದಾಗ ಕೇಳಿದ್ದೇನೆ. ಹಾಗಾಗಿ ವೈಟ್‌ಚಾಪೆಲ್‌ನ ಬೀದಿಯಲ್ಲಿ ಹೆಣ ಸುತ್ತಿಟ್ಟದ್ದನ್ನು ನೋಡಿದಾಗ ನನಗೆ ಅದು ಬರೀ ಸೆಟ್ ಅನ್ನಿಸಲಿಲ್ಲ.

ಸಂಗೀತ ಒಲಿವಿಯೆ ಡೆರಿವಿಯೆರ್ ಅವರದು. ಚೆಲೋ ಕೆಳಸ್ವರದಲ್ಲಿ ಉಸಿರಾಡುವ ಹಾಗೆ ಬರುತ್ತದೆ. ಮನೆಯ ಕೆಳಗೆ ಪವರ್‌ಲೂಮ್ ಓಡುತ್ತಿದ್ದರೆ ಅದು ಕೇಳಿಸೋದೇ ಇಲ್ಲ. ಮಗ್ಗ ನಿಂತ ಮೇಲೆ, ರಾತ್ರಿ ಹೆಡ್‌ಫೋನ್ ಹಾಕಿ ಆಡಿ.

ಈಗ ದುಡ್ಡಿನ ವಿಷಯ. ಆಟ ಸೇಲ್‌ನಲ್ಲಿ ಇನ್ನೂರು ಚಿಲ್ಲರೆಗೆ ಸಿಕ್ಕಿತು. ಖರ್ಚಾದದ್ದು ಕಂಪ್ಯೂಟರ್‌ಗೆ. ನನ್ನ ಕೆಲಸ ಕಂಪ್ಯೂಟರ್ ರಿಪೇರಿ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಸಾಮಾನು ಎಲ್ಲಿ ಸಿಗುತ್ತದೆ ಅಂತ ಗೊತ್ತು. ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ನಾಲ್ಕೂವರೆ ಸಾವಿರದ ಆಸುಪಾಸು ಬಿತ್ತು. ಅದಕ್ಕೆ ಮೊದಲು ಒಬ್ಬ ಅಂಗಡಿಯವನು ‘ಒಂದು ತಿಂಗಳೂ ಓಡಿಲ್ಲ’ ಅಂತ ಕೊಟ್ಟ ಕಾರ್ಡ್ ವಾರದೊಳಗೆ ಪರದೆ ತುಂಬಾ ಗೆರೆ ತೋರಿಸಿತು. ಎರಡು ಸಾವಿರ ಹೋಯ್ತು, ವಾಪಸ್ ಬರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಈ ಆಟ ಆಡಲೇಬೇಡಿ. ಸತ್ತಾಗ ಒಂದು ನಿಮಿಷದ ಹತ್ತಿರ ಲೋಡಿಂಗ್. ಅದಕ್ಕಿಂತ ಕೆಟ್ಟದ್ದು, ಓಡುತ್ತಾ ಓಡುತ್ತಾ ಬೀದಿ ಮಧ್ಯೆ ಆಟ ನಿಂತು ಬಿಡೋದು. ಸಾವಿರದ ಆರು-ಏಳುನೂರಿಗೆ ಸಣ್ಣ ಎಸ್‌ಎಸ್‌ಡಿ ಹಾಕಿದೆ, ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಹಾರ್ಡ್‌ನಲ್ಲಿ ಎಷ್ಟು ಸಲ ಸಾಯುತ್ತೀರಿ ಅಂತ ಯೋಚಿಸಿದರೆ ಇದಕ್ಕಿಂತ ಒಳ್ಳೆ ಖರ್ಚು ಇಲ್ಲ.

ಮಳೆಗಾಲದ ಬೆಳಗಾವಿ ಅಂದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಈ ಆಟದಲ್ಲಿ ಕೈಯಾರೆ ಸೇವ್ ಮಾಡೋ ದಾರಿ ಇಲ್ಲ. ಒಂದೇ ಆಟೋಸೇವ್. ಅದು ಬರೆಯುತ್ತಿರುವಾಗ ಕರೆಂಟ್ ಹೋದರೆ ಅರವತ್ತು ಜನರ ಹಣೆಬರಹ ದೇವರ ಕೈಯಲ್ಲಿ. ಹಳೇ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ, ಸಾವಿರದ ಒಳಗೆ ಆಯ್ತು. ದಿನಾ ಆಟ ಮುಚ್ಚಿದ ಮೇಲೆ ಸೇವ್ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಿದ್ದೆ. ಇದು ಕರೆಂಟಿನ ಭಯಕ್ಕೆ ಮಾಡಿದ್ದು. ತಪ್ಪು ಉತ್ತರ ಕೊಟ್ಟ ಮೇಲೆ ಹಿಂದಕ್ಕೆ ಹೋಗೋಕೆ ಒಂದು ಸಲವೂ ಬಳಸಲಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಆಟದ ಸೆಟ್ಟಿಂಗ್ ಇರುವ ಎಂಜಿನ್ ಡಾಟ್ ಐಎನ್‌ಐ ಫೈಲ್‌ನಲ್ಲಿ ಪರದೆಯ ಅಂಚಿಗೆ ಬಣ್ಣ ಒಡೆಯುವ ಎಫೆಕ್ಟ್ ತೆಗೆದು ನೋಡಿದೆ. ಇದು ಅನ್‌ರಿಯಲ್ 4 ಎಂಜಿನ್ ಆಟ, ಆ ಸಾಲು ಎಲ್ಲರಿಗೂ ಗೊತ್ತಿರುವಂಥದ್ದೇ. ಚಿತ್ರ ಚೊಕ್ಕ ಆಯ್ತು, ವೇಗ ಏನೂ ಏರಲಿಲ್ಲ. ಸೆಕೆಂಡಿಗೆ ತೋರಿಸೋ ಫ್ರೇಮ್ 30ಕ್ಕೆ ಕಟ್ಟಿಹಾಕಿದರೆ ಕಾರ್ಡ್ ತಣ್ಣಗಿತ್ತು, ಆದರೆ ತಪ್ಪಿಸಿಕೊಳ್ಳುವ ಡ್ಯಾಶ್ ಸರಿಯಾದ ಹೊತ್ತಿಗೆ ಆಗುತ್ತಿರಲಿಲ್ಲ. ಮತ್ತೆ 60ಕ್ಕೆ ಬಂದೆ, ನೆರಳು ಮತ್ತು ಫಾಗ್ ಕಡಿಮೆ ಮಾಡಿದೆ. ಕೀಬೋರ್ಡ್ ಬಿಟ್ಟು ಗೇಮ್‌ಪ್ಯಾಡ್ ಹಿಡಿದದ್ದೂ ಆಗಲೇ. ಆ ಬದಲಾವಣೆಯಿಂದಲೇ ನನ್ನ ಸಾವು ಅರ್ಧಕ್ಕೆ ಇಳಿದಿರಬೇಕು.

ದೋಷಗಳನ್ನು ಮುಚ್ಚಿಡೋದಿಲ್ಲ. ಹೊಡೆದಾಟ ಈ ಆಟದ ಬಡ ಭಾಗ. ಶತ್ರುಗಳ ಜಾತಿ ಕಡಿಮೆ. ಅದೇ ಸ್ಕಲ್ ಅನ್ನೋ ಕೀಳು ಪಿಶಾಚಿಗಳು, ಅದೇ ಪ್ರಿವೆನ್‌ನವರು, ಕೊಂದ ಜಾಗದಲ್ಲೇ ಮತ್ತೆ ನಿಂತಿರುತ್ತಾರೆ. ಫಾಸ್ಟ್ ಟ್ರಾವೆಲ್ (ದೂರದ ಜಾಗಕ್ಕೆ ಒಂದೇ ಸಲ ಜಿಗಿಯೋದು) ಇಲ್ಲ. ನನ್ನ ಹಾಗೆ ಔಷಧಿ ಹಿಡಿದು ನಾಲ್ಕು ಬಡಾವಣೆ ಸುತ್ತುವವನಿಗೆ ಅದು ದೊಡ್ಡ ಶಿಕ್ಷೆ. ಇಕ್ಕಟ್ಟಾದ ಓಣಿಯಲ್ಲಿ ಶತ್ರುವಿನ ಮೇಲೆ ಲಾಕ್ ಹಾಕಿದರೆ ಕ್ಯಾಮೆರಾ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಸಿಟ್ಟು, ಆಯ್ಕೆಗಳ ಪರಿಣಾಮ ಮೊದಲು ತಿಳಿಯೋದೇ ಇಲ್ಲ. ನರ್ಸ್ ಡೊರೊಥಿ ಕ್ರೇನ್ ವಿಷಯದಲ್ಲಿ ವಶೀಕರಣ ಅನ್ನೋದು ಮೆತ್ತಗಿನ ದಾರಿ ಅಂತ ಕಾಣುತ್ತದೆ. ಅದನ್ನು ಆರಿಸಿದರೆ ವೈಟ್‌ಚಾಪೆಲ್ ಹದಗೆಡುತ್ತದೆ. ಮಾತಿನಲ್ಲಿ ಒಂದು ತಪ್ಪು ಪ್ರಶ್ನೆ ಕೇಳಿದರೂ ಆ ಗುಟ್ಟು ಶಾಶ್ವತವಾಗಿ ಮುಚ್ಚಿ ಹೋಗುತ್ತದೆ. ಒಂದೇ ಸೇವ್ ಇರುವ ಆಟದಲ್ಲಿ ಇದು ಅನ್ಯಾಯ.

ಆದರೆ ಒಂದು ಮಾತು ಖಂಡಿತ ಹೇಳುತ್ತೇನೆ. ಜನರನ್ನು ತಿನ್ನುತ್ತಾ ಆಡಿದವರಿಗೆ ಹೊಡೆದಾಟ ಬೇಗ ಸಪ್ಪೆಯಾಗುತ್ತದೆ, ಬಟನ್ ಒತ್ತಿದರೆ ಎಲ್ಲರೂ ಬೀಳುತ್ತಾರೆ. ತಿನ್ನದೆ ಆಡಿದರೆ ಪ್ರತಿ ಓಣಿಯೂ ಲೆಕ್ಕ ಕೇಳುತ್ತದೆ. ಯಾರಿಗೆ ಯಾವುದರ ತಡೆ ಇದೆ ನೋಡಬೇಕು, ಗುಂಪು ಒಡೆಯಬೇಕು, ಬೇಡದ ಜಗಳ ಬಿಟ್ಟು ಓಡಬೇಕು. ಅದೇ ಬಡ ಹೊಡೆದಾಟ ಆಗ ಗಟ್ಟಿಯಾಗುತ್ತದೆ.

ಬಾಸ್‌ಗಳಲ್ಲಿ ಮೇರಿ ರೀಡ್ ಮತ್ತು ನಾಟಕಶಾಲೆಯ ಡೋರಿಸ್ ಫ್ಲೆಚರ್ ಇಬ್ಬರೂ ನನ್ನನ್ನು ಬಹಳ ದಿನ ಹಿಡಿದಿಟ್ಟರು. ಪ್ರಿವೆನ್ ಪಡೆಯ ನಾಯಕ ಮೆಕಲಮ್‌ನ ಅಡ್ಡಬಿಲ್ಲಿನಿಂದ ದೂರ ನಿಂತರೆ ಸಾವು, ಹತ್ತಿರವೇ ಇರಬೇಕು. ಜೀವದ ಸೀರಮ್ ಪೂರ್ತಿ ತುಂಬಿಸಿಕೊಳ್ಳದೆ ಇವರ ಬಾಗಿಲು ತೆರೆಯಬೇಡಿ. ಕೊನೆಯ ರೆಡ್ ಕ್ವೀನ್ ಎದುರು ಹೋದಾಗ ನಾನು ಮೂವತ್ತರ ಒಳಗೇ ಇದ್ದೆ. ಅವಳ ಎದುರು ಕೋಯಾಗ್ಯುಲೇಷನ್ ಬದಲು ಬೇರೆ ಒಂದನ್ನು ಹಾಕಿದೆ. ಅದೂ ನನ್ನ ಹತ್ತಿರವೇ ಇರಲಿ. ನಾಲ್ಕು ಅಂತ್ಯಗಳಲ್ಲಿ ನನಗೆ ಸಿಕ್ಕಿದ್ದು ಒಬ್ಬರನ್ನೂ ಕೊಲ್ಲದವರಿಗೆ ಮಾತ್ರ ಸಿಗುವಂಥದ್ದು.

ಮುಗಿದ ಮೇಲೆ ಅದೇ ಆಯುಧ ಇಟ್ಟುಕೊಂಡು ಮತ್ತೆ ಶುರು ಮಾಡೋ ದಾರಿ ಈ ಆಟದಲ್ಲಿ ಇಲ್ಲ. ಹಾಗಾಗಿ ಬರಿಗೈಯಲ್ಲೇ ಹೊಸ ಓಟ ಶುರು ಮಾಡಿದ್ದೇನೆ. ಈ ಸಲ ಶ್ಯಾಡೋ ಮಿಸ್ಟ್ ಒಂದನ್ನೇ ನಂಬಿ, ಮತ್ತೆ ಯಾರನ್ನೂ ಕಚ್ಚದೆ. ಡಾಕ್ಸ್ ದಾಟಿದ್ದೇನೆ. ಗುಂಪಿನ ಎದುರು ಅದನ್ನು ಎಲ್ಲಿ ಹಾಕಬೇಕು ಅನ್ನೋದು ಈಗೀಗ ಕೈಗೆ ಹತ್ತುತ್ತಿದೆ.