ಅಪ್ಪಯ್ಯನ ಬದುಕನ್ನು ಬರೆದಿಟ್ಟ ಬಗೆ

ಅಪ್ಪಯ್ಯ ತೀರಿಕೊಂಡ ಮೇಲೆ, ವರ್ಷಾಂತಿಕದ ಹೊತ್ತಿಗೆ ಅವರ ಬದುಕಿನ ಬಗ್ಗೆ ಒಂದು ಚಿಕ್ಕ ಪುಸ್ತಕ ತರಬೇಕೆಂದು ಮನೆಯವರೆಲ್ಲ ಒಪ್ಪಿದರು. ಬರೆಯುವ ಕೆಲಸ ಹಿರಿಯ ಮಗಳಾದ ನನ್ನ ಪಾಲಿಗೆ ಬಂತು. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ಪರೇಲಿನಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕುಳಿತವರು ಅವರು. ಇಂಥ ಕಥೆ ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳಲ್ಲಿದೆ. ಆದ್ದರಿಂದಲೇ, ಹೆಸರೊಂದನ್ನು ಬದಲಿಸಿದರೆ ಬೇರೆ ಯಾರಿಗಾದರೂ ಹೊಂದಿಬಿಡುವ ಪುಸ್ತಕ ಇದಾಗಬಾರದು ಎಂದು ಹಟ ಹಿಡಿದೆ.

ಮೊದಲಿಗೆ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆ. ‘ಅಪ್ಪಯ್ಯ ಹೇಗಿದ್ದರು?’ ಎಂದು ಕೇಳಿದರೆ ಸಿಗುವ ಉತ್ತರ ಒಂದೇ, ‘ದೇವರಂಥ ಮನುಷ್ಯ.’ ಆ ಮಾತು ನಿಜವಿರಬಹುದು, ಆದರೆ ಅದರಿಂದ ಒಂದು ಸಾಲನ್ನೂ ಬರೆಯಲಾಗುವುದಿಲ್ಲ. ಹಾಗಾಗಿ ಅವರು ಎಲ್ಲಿ ಮಲಗುತ್ತಿದ್ದರು, ಬೆಳಗಿನ ಮೊದಲ ಕೆಲಸ ಯಾವುದು, ಯಾರ ಬೈಗುಳಕ್ಕೆ ಹೆದರುತ್ತಿದ್ದರು ಎಂದು ಕೇಳತೊಡಗಿದೆ. ಆಗ ಚಿಕ್ಕಪ್ಪ, ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದುದನ್ನೂ, ಇಬ್ಬರಿಗೂ ಸೇರಿ ಒಂದೇ ಬಿಳಿ ಅಂಗಿಯಿದ್ದುದರಿಂದ ರಾತ್ರಿ ಶಾಲೆಗೆ ಸರದಿಯ ಮೇಲೆ ಅದನ್ನು ತೊಟ್ಟು ಹೋಗುತ್ತಿದ್ದುದನ್ನೂ ಹೇಳಿದರು. ಮದುವೆಯಾಗಿ ಅಷ್ಟು ವರ್ಷ ಜೊತೆಗಿದ್ದ ಅಮ್ಮನಿಗೂ ಈ ಅಂಗಿಯ ಸಂಗತಿ ಗೊತ್ತಿರಲಿಲ್ಲ.

ನೆನಪುಗಳಿಗೆ ಇಸವಿ ಇರುವುದಿಲ್ಲ. ಅಪ್ಪಯ್ಯ ಯಾವಾಗ ಬಂದರು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮುಂಬಯಿಯ ಬೇರೆ ಬೇರೆ ಘಟನೆಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಲೆಕ್ಕ ಕೂಡಿತು. ಬಂದ ಹೊಸದರಲ್ಲಿ ಟ್ರಂಕು ಹೊತ್ತು ಟ್ರಾಮಿನಲ್ಲಿ ದಾದರಿಗೆ ಹೋಗಿದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದರು. ಮುಂಬಯಿಯಲ್ಲಿ ಟ್ರಾಮು ನಿಂತದ್ದು 1964ರ ಮಾರ್ಚ್ 31ರಂದು, ಹಾಗಾದರೆ ಬಂದದ್ದು ಅದಕ್ಕಿಂತ ಮೊದಲೇ. ಊರಿನ ಮನೆಯ ಪೆಟ್ಟಿಗೆಯಲ್ಲಿ ಅಜ್ಜಿ ಕಟ್ಟಿಟ್ಟಿದ್ದ ಇನ್‌ಲ್ಯಾಂಡ್ ಕಾಗದಗಳೂ ಮನಿಯಾರ್ಡರ್ ಕೂಪನ್ನುಗಳೂ ಸಿಕ್ಕಿದವು. ಅಂಚೆಯ ಮುದ್ರೆ ಮಸುಕಾಗಿದ್ದಲ್ಲಿ ವಿಳಾಸವೇ ದಾರಿ ತೋರಿಸಿತು. ‘ಬೊಂಬಾಯಿ–1’ ಎಂದಷ್ಟೇ ಇದ್ದವು ಹೆಚ್ಚಾಗಿ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬರುವ ಮುಂಚಿನವು, ‘400012’ ಎಂದಿದ್ದವು ಅದರ ನಂತರದ ಪರೇಲಿನವು. ‘ಮೈಸೂರು ರಾಜ್ಯ’ ಎಂದು ಬರೆದಿದ್ದರೆ 1973ರ ನವೆಂಬರಿಗಿಂತ ಹಿಂದಿನದೆಂದು ಸಾಮಾನ್ಯವಾಗಿ ಹಿಡಿಯಬಹುದು, ಹಳೆಯ ಅಭ್ಯಾಸವನ್ನು ಬಿಡದವರ ಕೈಬರಹವನ್ನು ಮಾತ್ರ ಅಷ್ಟು ನಂಬಬಾರದು. ಕೂಪನ್ನಿನಲ್ಲಿ ಸಂದೇಶಕ್ಕಿದ್ದ ಜಾಗ ಬಹಳ ಚಿಕ್ಕದು. ಅಷ್ಟರಲ್ಲೇ ಅಪ್ಪಯ್ಯ ‘ತಂಗಿಯ ಫೀಸು ಮೊದಲು, ಮಾಡಿಗೆ ಹಂಚು ಆಮೇಲೆ’ ಎಂದು ಬರೆದಿದ್ದರು.

ಪುಸ್ತಕದಲ್ಲಿ ಹೆಚ್ಚು ಪುಟಗಳನ್ನು ಕೊಟ್ಟದ್ದು ಉದ್ರಿ ಲೆಕ್ಕದ ಪುಸ್ತಕಕ್ಕೆ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿ, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಕುಳಿತಾಗ, ಪರೇಲು-ಲಾಲ್‌ಬಾಗಿನ ಹೋಟೆಲುಗಳ ಗಿರಾಕಿಗಳೂ ಅವರೇ ಆಗಿದ್ದರು. ಆ ವರ್ಷದ ಪುಸ್ತಕದಲ್ಲಿ ಮೊದಲ ಕೆಲವು ತಿಂಗಳು ಚಹಾ, ಉಸಳ್, ಪಾವ್ ಎಂದು ಬಿಡಿಬಿಡಿಯಾಗಿ ಬರೆದಿದ್ದಾರೆ. ಮಳೆಗಾಲದ ಹೊತ್ತಿಗೆ ಹೆಸರಿನ ಮುಂದೆ ಬರೀ ‘ಊಟ’ ಎಂದಿದೆ. ದೀಪಾವಳಿಯ ನಂತರ ಮೊತ್ತ ಕೂಡಿಸುವುದನ್ನೇ ನಿಲ್ಲಿಸಿದ್ದಾರೆ. ಅಪ್ಪಯ್ಯ ಉದಾರಿ ಎಂದು ನಾನು ಎಲ್ಲಿಯೂ ಬರೆಯಲಿಲ್ಲ, ಆ ಪುಟಗಳ ಚಿತ್ರಗಳನ್ನು ಹಾಗೆಯೇ ಅಚ್ಚು ಹಾಕಿಸಿದೆ. ಸಾಲಗಾರರ ಹೆಸರುಗಳನ್ನು ಮಾತ್ರ ಮುಚ್ಚಿಸಿದೆ, ಏಕೆಂದರೆ ಅವರ ಮೊಮ್ಮಕ್ಕಳೂ ಇದೇ ಊರಿನಲ್ಲಿದ್ದಾರೆ ಮತ್ತು ಅಜ್ಜನ ಹಳೆಯ ಬಾಕಿಯನ್ನು ಓದಬೇಕಾದ ಅಗತ್ಯ ಯಾರಿಗೂ ಇಲ್ಲ. ಇದೇ ಕಾಲದಲ್ಲಿ ಅಪ್ಪಯ್ಯ ಮನೆಯಲ್ಲಿ ಮಾತೇ ಆಡದೆ, ಸಣ್ಣದಕ್ಕೂ ಸಿಡುಕುತ್ತಿದ್ದರೆಂದು ಅಮ್ಮ ಹೇಳಿದ್ದನ್ನೂ ಸೇರಿಸಿದೆ. ತಮ್ಮನಿಗೆ ಅದು ಹಿಡಿಸಲಿಲ್ಲ. ಉದ್ರಿ ಕೊಟ್ಟವರು ಮತ್ತು ಸಿಡುಕಿದವರು ಒಬ್ಬರೇ ಆದ್ದರಿಂದ ಎರಡೂ ಇರಲಿ ಎಂದು ಅಮ್ಮನೇ ತೀರ್ಮಾನ ಕೊಟ್ಟರು.

ಮೊಮ್ಮಕ್ಕಳ ಭಾಗ ಬೇರೆ ರೀತಿಯದು. ಅವರಿಗೆ ಗೊತ್ತಿರುವುದು ಡೊಂಬಿವಲಿಯ ಮನೆಯ ಅಜ್ಜಯ್ಯ ಮಾತ್ರ. ಲೋಕಲ್ ಟ್ರೇನಿನಲ್ಲಿ ಕೂತು ಕಾಲು, ಅರೆ, ಮುಕ್ಕಾಲಿನ ಮಗ್ಗಿ ಹೇಳಿಸುತ್ತಿದ್ದರಂತೆ. ಗಲ್ಲಾದಲ್ಲಿ ಕಾಗದ ಮುಟ್ಟದೆ ಲೆಕ್ಕ ಮಾಡುತ್ತಿದ್ದುದರ ಗುಟ್ಟು ಅದೇ. ಮಕ್ಕಳ ಕನ್ನಡದಲ್ಲಿ ಮರಾಠಿ, ಹಿಂದಿ ಎರಡೂ ಬೆರೆತಿರುತ್ತವೆ. ಅದನ್ನು ತಿದ್ದಿ ಗ್ರಾಂಥಿಕ ಮಾಡಿದರೆ ಮಾತು ಅವರದಾಗಿ ಉಳಿಯುವುದಿಲ್ಲವೆಂದು ಹಾಗೆಯೇ ಬಿಟ್ಟೆ. ಇಬ್ಬರಿಗೆ ಕನ್ನಡ ಓದಲು ಬಾರದಾದ್ದರಿಂದ ಇಡೀ ಪುಸ್ತಕವನ್ನು ನಾನೇ ಓದಿ ಧ್ವನಿಮುದ್ರಿಸಿ ಕೊಟ್ಟಿದ್ದೇನೆ.

ಆಲ್ಬಮ್ಮಿಗೆ ಅಂಟಿಕೊಂಡಿದ್ದ ಫೋಟೋಗಳನ್ನು ಕೀಳಲಿಲ್ಲ, ಕಿಟಕಿಯ ಬೆಳಕಿನಲ್ಲಿ ಪುಟ ಸಮೇತ ಚಿತ್ರ ತೆಗೆದೆ. ಬಿಡಿ ಫೋಟೋಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆದೆ, ಏಕೆಂದರೆ ಪೆನ್ನಿನ ಶಾಯಿ ಮುಂಬಯಿಯ ಮಳೆಗಾಲದ ತೇವಕ್ಕೆ ಹರಡುತ್ತದೆ.

ಅಪ್ಪಯ್ಯ ರಾತ್ರಿ ಶಾಲೆ ಬಿಟ್ಟದ್ದೇಕೆ ಎಂಬ ಒಂದು ಸಂಗತಿ ಮಾತ್ರ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಪರೀಕ್ಷೆಯಲ್ಲಿ ನಪಾಸಾದರು ಎನ್ನುತ್ತಾರೆ ಚಿಕ್ಕಪ್ಪ. ತನ್ನ ಫೀಸಿಗಾಗಿ ಬಿಟ್ಟರು ಎನ್ನುತ್ತಾರೆ ಅಪ್ಪಯ್ಯನ ತಂಗಿಯಾದ ಅತ್ತೆ. ಹೇಳಿದವರ ಹೆಸರಿನೊಂದಿಗೆ ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಮಾಡಿಸಿದೆ. ಪುಸ್ತಕ ಕೈಗೆ ಬಂದ ಮೇಲೂ ಅತ್ತೆ ಚಿಕ್ಕಪ್ಪನ ಮಾತನ್ನು ಒಪ್ಪಿಲ್ಲ. ಅವರ ಆಕ್ಷೇಪವನ್ನೂ ಧ್ವನಿಮುದ್ರಿಸಿ ಉಳಿದವುಗಳ ಜೊತೆಗೆ ಇಟ್ಟಿದ್ದೇನೆ.