ತಾವರೆಯೋ ನೈದಿಲೆಯೋ: ಎಲೆಯನ್ನು ನೋಡಿ ಗುರುತಿಸಿ

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುವವರು ಜಲಸಸ್ಯಗಳ ಪರಿಚಯವನ್ನೂ ಮಾಡಿಕೊಳ್ಳಬೇಕೆಂಬುದು ನನ್ನ ವಿನಂತಿ. ಹೂವಿಗಾಗಿ ಕಾಯದೆ ಎಲೆಯನ್ನೇ ಗಮನಿಸಿರಿ. ತೊಟ್ಟು ಎಲೆಯ ನಡುವೆ ಕೊಡೆಯ ಕೋಲಿನಂತೆ ಸೇರಿದ್ದು, ಅಂಚು ಎಲ್ಲಿಯೂ ಸೀಳದೆ ದುಂಡಾಗಿದ್ದು, ಮೇಲೆ ಬಿದ್ದ ನೀರು ಮಣಿಗಳಾಗಿ ಉರುಳಿಹೋದರೆ ಅದು ತಾವರೆ. ಅಂಚಿನಿಂದ ತೊಟ್ಟಿನವರೆಗೆ ಸೀಳಿರುವ ಎಲೆ ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತಿದ್ದರೆ ನೈದಿಲೆ. ಅಂತರಗಂಗೆ ಎಂಬ ಹೆಸರನ್ನು ಎರಡು ಸಸ್ಯಗಳಿಗೆ ಬಳಸುವುದರಿಂದ ಅಲ್ಲಿ ಗೊಂದಲ ಹೆಚ್ಚು: ಎಲೆಕೋಸಿನಂತೆ ಗುಚ್ಛವಾಗಿರುವ, ಮೃದು ರೋಮದ ಎಲೆಗಳದ್ದು ಒಂದು, ಉಬ್ಬಿದ ತೊಟ್ಟು, ನೇರಳೆ ಹೂಗೊಂಚಲು ಉಳ್ಳ, ದಕ್ಷಿಣ ಅಮೆರಿಕದಿಂದ ಬಂದ ಕಳೆ ಇನ್ನೊಂದು. ಹೂವು ಚೆಂದವೆಂದು ಈ ಎರಡನೆಯದನ್ನು ದಯವಿಟ್ಟು ಬೇರೆ ಕೆರೆಗೆ ಒಯ್ಯಬೇಡಿ. ಒಂದೇ ಗಿಡದಿಂದ ಮರಿಗಿಡಗಳು ಹಬ್ಬಿ ನೀರನ್ನೆಲ್ಲ ಮುಚ್ಚಿಬಿಡುತ್ತವೆ.